ಕೋಟೆಗೆ ಕಾವಲುಗಾರ ಇದ್ದಾನೆ, ಪೇಟೆಗೆ?

ಚಿತ್ರದುರ್ಗ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಏಳು ಸುತ್ತಿನ ಕೋಟೆ. ಓಬವ್ವನ ಕಿಂಡಿ. ಮದಕರಿ ನಾಯಕ. ಸ್ವಲ್ಪ ವಯಸ್ಸಾದವರಿಗಾದರೆ 1972ರ ‘ನಾಗರಹಾವು’, ಆ ಬಂಡೆಗಳ ನಡುವೆ ಓಡಾಡುವ ವಿಷ್ಣುವರ್ಧನ್. ನಮ್ಮ ಟಿವಿಯವರೂ ಇದಕ್ಕೆ ಹೊರತಲ್ಲ. ದುರ್ಗಕ್ಕೆ ಹೋದ ಕ್ಯಾಮೆರಾ ಮೊದಲು ಮುಖ ಮಾಡೋದು ಬೆಟ್ಟದ ಕಡೆಗೇ. ಡ್ರೋನ್ ಹಾರಿಸ್ತೀವಿ, ಹಿನ್ನೆಲೆಗೆ ನಗಾರಿ ಹಾಕ್ತೀವಿ, ಗಂಡುಮೆಟ್ಟಿನ ನಾಡು ಅಂತ ನಾಲ್ಕು ಮಾತಾಡ್ತೀವಿ, ಅಲ್ಲಿಗೆ ಎಪಿಸೋಡ್ ಮುಗೀತು.

ಇವತ್ತು ಕ್ಯಾಮೆರಾನ ಹಿಂದಕ್ಕೆ ತಿರುಗಿಸೋಣ. ಕೋಟೆಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಕಾಣೋದು ದೊಡ್ಡಪೇಟೆ, ಚಿಕ್ಕಪೇಟೆ, ಬುರುಜನಹಟ್ಟಿ, ಕರುವಿನಕಟ್ಟೆ. ಮಾಳಿಗೆ ಮನೆಗಳು, ಅವುಗಳ ಪಕ್ಕದಲ್ಲೇ ಎದ್ದ ಕಾಂಕ್ರೀಟ್ ಕಟ್ಟಡಗಳು, ಬೀಗ ಹಾಕಿದ ಬಾಗಿಲುಗಳು, ಒಂದು ಕಡೆ ಗೋಡೆ ಬಿದ್ದು ಇನ್ನೊಂದು ಕಡೆ ಜನ ವಾಸ ಮಾಡುತ್ತಿರುವ ಮನೆಗಳು. ಕೋಟೆಗೆ ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ ಇದೆ. ಟಿಕೆಟ್ ಇದೆ, ಗೇಟ್ ಇದೆ, ಕಾವಲುಗಾರ ಇದ್ದಾನೆ. ಪೇಟೆಗೆ ಯಾರಿದ್ದಾರೆ? ನಗರಸಭೆ ಇದೆ ಅಂತೀರಿ. ನಗರಸಭೆ ಲೆಕ್ಕದಲ್ಲಿ ಅದು ಒಂದಷ್ಟು ವಾರ್ಡು, ಒಂದಷ್ಟು ಕಂದಾಯ, ಒಂದಷ್ಟು ಬೀದಿ ದೀಪ, ಅಷ್ಟೇ.

ಪ್ರವಾಸಿ ಏನು ಮಾಡ್ತಾನೆ ಗಮನಿಸಿ. ಬೆಂಗಳೂರಿಂದ ಹೆದ್ದಾರಿಯಲ್ಲಿ ಬರ್ತಾನೆ, ಕೋಟೆ ಹತ್ತಿ ಇಳೀತಾನೆ, ಕಾರು ಹತ್ತಿ ಹೆದ್ದಾರಿ ಪಕ್ಕದ ಹೋಟೆಲ್‌ನಲ್ಲಿ ಊಟ ಮಾಡಿ ಹೊರಟು ಹೋಗ್ತಾನೆ. ಪೇಟೆಯಲ್ಲಿ ಅವನು ಕೊಳ್ಳೋದು ಅಬ್ಬಬ್ಬಾ ಅಂದರೆ ಒಂದು ನೀರಿನ ಬಾಟಲಿ. ಕೋಟೆಯಿಂದ ದುರ್ಗಕ್ಕೆ ಹೆಸರು ಬರುತ್ತೆ, ದುಡ್ಡು ಬೇರೆಲ್ಲೋ ಹೋಗುತ್ತೆ.

ಪೇಟೆ ಅನ್ನೋದು ಕೋಟೆ ಕೆಳಗೆ ಆಮೇಲೆ ಯಾರೋ ಬಂದು ಕಟ್ಟಿಕೊಂಡ ಬಡಾವಣೆ ಅಲ್ಲ. ಏಳು ಸುತ್ತಲ್ಲಿ ಕೆಳಗಿನ ಸುತ್ತುಗಳು ಬಯಲಲ್ಲಿವೆ, ಅವುಗಳ ಒಳಗೇ ಊರು ಬೆಳೆದದ್ದು. ಬುರುಜನಹಟ್ಟಿ ಅನ್ನೋ ಹೆಸರಲ್ಲೇ ಬುರುಜು ಇದೆ. ರಂಗಯ್ಯನ ಬಾಗಿಲು, ಆನೆ ಬಾಗಿಲು ಇವತ್ತಿಗೂ ಆಟೋದವರು ಹೇಳೋ ವಿಳಾಸಗಳು. 1779ರಲ್ಲಿ ಹೈದರಾಲಿ ಕೋಟೆ ಗೆದ್ದ, ಮದಕರಿಯನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ಅರಮನೆ ಖಾಲಿಯಾಯಿತು. ಪೇಟೆ ಮಾತ್ರ ಖಾಲಿಯಾಗಲಿಲ್ಲ. ಹೈದರ್ ಹೋದ, ಟಿಪ್ಪು ಹೋದ, ಇಂಗ್ಲಿಷರು ಹೋದರು, ಮೈಸೂರು ಮಹಾರಾಜರ ಕಾಲವೂ ಮುಗೀತು. ಅಂಗಡಿ ಬಾಗಿಲು ಬೆಳಿಗ್ಗೆ ತೆಗೀತಾನೇ ಇತ್ತು. ಇಷ್ಟೆಲ್ಲ ದಾಟಿ ಬಂದ ಪೇಟೆ ನಮ್ಮ ಕಾಲದಲ್ಲಿ, ಯಾವ ಯುದ್ಧವೂ ಇಲ್ಲದೆ ಬೀಳ್ತಾ ಇದೆ.

ಯಾಕೆ ಬೀಳ್ತಾ ಇದೆ? ಹಳೇದಾಯ್ತು, ಅದಕ್ಕೇ ಬೀಳುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಓದಿದ್ದು ಇಂಜಿನಿಯರಿಂಗ್, ಆಮೇಲೆ ಮೈಕ್ ಹಿಡಿದೆ. ಈ ‘ಹಳೇದಾಯ್ತು’ ಅನ್ನೋ ಉತ್ತರ ನನಗೆ ಒಪ್ಪಿಗೆಯಾಗಲ್ಲ. ಕೋಟೆ ಮೇಲೆ ಅರಮನೆ ಇದ್ದ ಜಾಗಕ್ಕೆ ಹೋಗಿ ನೋಡಿ. ಚಾವಣಿ ಇಲ್ಲ, ಬರೀ ಮಣ್ಣಿನ ಗೋಡೆಗಳು ಬಯಲಲ್ಲಿ ನಿಂತಿವೆ. ಅರಮನೆ ಖಾಲಿಯಾಗಿಯೇ 240 ವರ್ಷದ ಮೇಲಾಯ್ತು. ಅದೇ ಮಣ್ಣು, ಅದೇ ಮಳೆ. ಮೇಲಿನ ಗೋಡೆ ನಿಂತಿದೆ, ಕೆಳಗೆ ಓಣಿಯಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ ಗೋಡೆ ರಾತ್ರೋರಾತ್ರಿ ಕುಸಿಯುತ್ತೆ. ಮೇಲಿನ ಗೋಡೆಗೆ ಪುರಾತತ್ವ ಇಲಾಖೆಯ ಆರೈಕೆ ಇದೆ, ನಿಜ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ: ಬಂಡೆ ಮೇಲೆ ನೀರು ನಿಲ್ಲಲ್ಲ, ಹರಿದು ಹೋಗುತ್ತೆ.

ಮಣ್ಣಿನ ಗೋಡೆಗೆ ಮಳೆ ಅಷ್ಟು ದೊಡ್ಡ ಶತ್ರು ಅಲ್ಲ, ಬುಡದಲ್ಲಿ ನಿಲ್ಲೋ ನೀರು ಶತ್ರು. ಟೀ ಲೋಟಕ್ಕೆ ರಸ್ಕಿನ ತುದಿ ಮಾತ್ರ ಮುಟ್ಟಿಸಿ ನೋಡಿ. ನೀವು ಅದ್ದಿದ್ದು ತುದಿ, ಒದ್ದೆಯಾಗೋದು ಅರ್ಧ ರಸ್ಕು. ಗೋಡೆನೂ ಹಾಗೇ ಬುಡದಿಂದ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತೆ. ಅದಕ್ಕೇ ಹಳಬರು ಮೊದಲು ಕಲ್ಲಿನ ತಳಪಾಯ ಹಾಕಿ, ನೆಲದಿಂದ ಎರಡು ಮೂರು ಅಡಿ ಕಲ್ಲಲ್ಲೇ ಏರಿಸಿ, ಅದರ ಮೇಲೆ ಮಣ್ಣು ಕಟ್ಟುತ್ತಿದ್ದರು. ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಜಗುಲಿ, ಜಗುಲಿಯಿಂದ ಹೊಸಿಲು. ಮೇಲೆ ಮಾಳಿಗೆಗೆ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ಹೊಸದಾಗಿ ಹಾಕಿ ತುಳಿದು ಗಟ್ಟಿ ಮಾಡ್ತಿದ್ರು. ವರ್ಷಕ್ಕೊಮ್ಮೆಯ ಆ ಕೆಲಸ ನಿಂತ ಮನೆ ಸೋರೋಕೆ ಶುರುವಾಗುತ್ತೆ.

ಈಗ ನಾವೇನು ಮಾಡಿದ್ವಿ? ಓಣಿಗೆ ಕಾಂಕ್ರೀಟ್ ರಸ್ತೆ ಹಾಕಿದ್ವಿ. ಒಂದು ಸಲ ಹಾಕಿದರೆ ಆರರಿಂದ ಎಂಟು ಇಂಚು ದಪ್ಪ. ಕೆಲವು ವರ್ಷ ಆದ್ಮೇಲೆ ಇನ್ನೊಂದು ಅನುದಾನ ಬಂತು, ಹಳೇ ಕಾಂಕ್ರೀಟ್ ಕೀಳದೆ ಅದರ ಮೇಲೆಯೇ ಇನ್ನೊಂದು ಪದರ. ನಡುವೆ ಪೈಪ್‌ಲೈನ್‌ಗೆ ಅಗೆದರು, ಮುಚ್ಚಿದರು, ಮತ್ತೆ ಏರಿಸಿದರು. ಮೂರು ಮೆಟ್ಟಿಲು ಎರಡಾಯ್ತು, ಎರಡು ಒಂದಾಯ್ತು, ಈಗ ಕೆಲವು ಮನೆಗಳಿಗೆ ರಸ್ತೆಯಿಂದ ಇಳಿದು ಒಳಗೆ ಹೋಗಬೇಕು. ಜೋರು ಮಳೆ ಬಂದರೆ ನೀರು ಚರಂಡಿಗೆ ಹೋಗೋ ಬದಲು ಹೊಸಿಲು ದಾಟುತ್ತೆ. ಕಲ್ಲಿನ ತಳಪಾಯ ರಸ್ತೆಯ ಕೆಳಗೆ ಹೂತುಹೋಗಿ, ನೀರು ಸೀದಾ ಮಣ್ಣಿನ ಭಾಗಕ್ಕೇ ತಾಗುತ್ತೆ. ಮನೆಯವರು ಗಾಬರಿಯಾಗಿ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸ್ತಾರೆ. ಅದು ಇನ್ನೂ ಕೆಟ್ಟದ್ದು. ಒಳಗೆ ಹೋದ ತೇವ ಹೊರಗೆ ಬರೋಕೆ ದಾರಿ ಇಲ್ಲ, ಒಳಗೊಳಗೇ ಗೋಡೆ ಕೊಳೆಯುತ್ತೆ. ಹೊರಗಿನಿಂದ ನೋಡಿದರೆ ಫಳಫಳ ಬಣ್ಣ. ಒಂದು ರಾತ್ರಿ ದೊಪ್ಪನೆ ಬಿತ್ತು ಅಂದರೆ ಒಳಗೆ ಮಲಗಿದ್ದವರ ಗತಿ?

ಮಳೆಗಾಲದಲ್ಲಿ ನಮ್ಮ ಡೆಸ್ಕಿಗೆ ತಪ್ಪದೆ ಬರೋ ಸುದ್ದಿ ಇದು: ಗೋಡೆ ಕುಸಿತ. ಸ್ಕ್ರೋಲಿಂಗ್‌ನಲ್ಲಿ ಒಂದು ಸಾಲು ಹೋಗುತ್ತೆ, ‘ಮಳೆಗೆ ಶಿಥಿಲ ಮನೆ ಕುಸಿತ’ ಅಂತ. ಆ ಸಾಲಿನಲ್ಲಿ ಆರೋಪಿ ಸ್ಥಾನದಲ್ಲಿ ಮಳೆ ಇರುತ್ತೆ, ಮನೆಯ ವಯಸ್ಸು ಇರುತ್ತೆ. ರಸ್ತೆಯ ಎತ್ತರ ಇರಲ್ಲ.

ಮನೆ ಬಿದ್ದ ಮೇಲೆ ಸರ್ಕಾರ ಬರುತ್ತೆ. 2019ರ ನೆರೆ ಹೊತ್ತಿಗೆ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಅದೇ ಮನೆ ನಿಂತಿದ್ದಾಗ ಮಾಳಿಗೆ ಸರಿ ಮಾಡಿಸೋಕೆ, ಬುಡ ಭದ್ರ ಮಾಡಿಸೋಕೆ ಐವತ್ತು ಸಾವಿರ ಬೇಕು ಅಂತ ಹೋಗಿ ಕೇಳಿ. ಯಾವ ಕೌಂಟರ್‌ಗೆ ಅರ್ಜಿ ಹಾಕಬೇಕು ಅಂತ ಹೇಳೋರೂ ಸಿಗಲ್ಲ. ಬಿದ್ದರೆ ಲಕ್ಷ, ನಿಂತಿದ್ದರೆ ಸೊನ್ನೆ. ಹಾಗಿದ್ದ ಮೇಲೆ ಬಡವ ಏನು ಪ್ರಾರ್ಥನೆ ಮಾಡ್ಕೋತಾನೆ ನೀವೇ ಹೇಳಿ.

ಕೋಟೆ ಪಕ್ಕದಲ್ಲೇ ಇರೋರಿಗೆ ಇನ್ನೊಂದು ಪಜೀತಿ ಇದೆ, ಕಾನೂನಿನದು. ಪುರಾತತ್ವ ಸ್ಮಾರಕಗಳ ಕಾಯ್ದೆ 1958ರದ್ದು, 2010ರಲ್ಲಿ ಅದಕ್ಕೆ ತಿದ್ದುಪಡಿ ಆಯ್ತು. ಅದರ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಕಟ್ಟಡ ಇಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ತಗೊಂಡು ಕಟ್ಟಬಹುದು. ಕಾನೂನು ಕೆಟ್ಟದ್ದಲ್ಲ, ಅದು ಇಲ್ಲದಿದ್ದರೆ ಕೋಟೆ ಗೋಡೆಗೇ ಒರಗಿ ಐದು ಮಹಡಿ ಏಳ್ತಿತ್ತು. ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ನಿಷೇಧಿತ 100 ಮೀಟರ್ ಒಳಗೂ ಇರೋ ಮನೆಯ ರಿಪೇರಿಗೆ, ನವೀಕರಣಕ್ಕೆ ಅನುಮತಿ ಕೇಳಬಹುದು. ಅರ್ಜಿ ಸಕ್ಷಮ ಪ್ರಾಧಿಕಾರದ ಮೂಲಕ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತೆ. ಕೂಲಿ ಮಾಡೋ ಮನೆಯವರು, ಹೂವು ಮಾರೋ ಹೆಂಗಸು, ನಕ್ಷೆ, ಫೋಟೋ, ದಾಖಲೆ ಜೋಡಿಸಿಕೊಂಡು ಈ ದಾರಿ ಹಿಡೀಬೇಕು. ಹಿಡಿಯಲ್ಲ. ಒಂದೋ ಕದ್ದು ಕಟ್ತಾರೆ, ಇಲ್ಲಾ ಕೈ ಬಿಡ್ತಾರೆ. ನಗರಸಭೆಯಲ್ಲಿ ಇದಕ್ಕೇ ಅಂತ ಒಬ್ಬ ಗುಮಾಸ್ತ, ವಾರಕ್ಕೆ ಒಂದು ದಿನ, ಅರ್ಜಿ ತುಂಬಿಕೊಡೋಕೆ ಕೂತರೆ ಅರ್ಧ ಸಮಸ್ಯೆ ಮುಗೀತು. ಒಬ್ಬ ಗುಮಾಸ್ತನಿಗೆ ಎಷ್ಟು ಖರ್ಚಾಗುತ್ತೆ, ಒಂದು ಸ್ವಾಗತ ಕಮಾನಿಗೆ ಎಷ್ಟಾಗುತ್ತೆ, ಲೆಕ್ಕ ಹಾಕಿ.

ಇನ್ನು ನೀರು. ದುರ್ಗದ ಪೇಟೆಯ ವಿಷಯದಲ್ಲಿ ನನಗೆ ನಿಜಕ್ಕೂ ರೋಮಾಂಚನ ಆಗೋದು ಇದನ್ನು ನೋಡಿದಾಗಲೇ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ, ಕಟ್ಟಕಡೆಗೆ ಊರ ನಡುವಿನ ಸಂತೆ ಹೊಂಡಕ್ಕೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತೆ. ಒಂದೊಂದು ಹೊಂಡದಲ್ಲೂ ಹೂಳು ತಳಕ್ಕೆ ಕೂತು, ಮುಂದಿನ ಹೊಂಡಕ್ಕೆ ತಿಳಿಯಾದ ನೀರು ಹೋಗುತ್ತೆ. ಕೋಟೆ ಮತ್ತು ಪೇಟೆ ಒಂದೇ ಊರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಈ ಊರಿಗೆ ನೀರಿನ ಕೆಲಸ ಹೊಸದೂ ಅಲ್ಲ. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಅದರಲ್ಲಿರೋದೂ ಕೆರೆಯ ಕೆಲಸದ ಮಾತೇ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದರು, ರೋಮನ್ ನಾಣ್ಯ ಸಿಕ್ಕಿರೋ ಜಾಗ ಅದು. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಈ ಬರಡು ಸೀಮೆಯಲ್ಲಿ ಜನ ನೀರು ಹಿಡಿದಿಟ್ಟು, ವ್ಯಾಪಾರ ಮಾಡಿ, ಊರು ಕಟ್ಟಿದ್ದರು.

ಇವತ್ತು ಅದೇ ದುರ್ಗಕ್ಕೆ ಕುಡಿಯೋ ನೀರು ಬರೋದು ದೂರದ ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ. ಪಂಪ್ ಮಾಡಿ ತರಬೇಕು, ಕರೆಂಟ್ ಬಿಲ್ ಕಟ್ಟಬೇಕು. ಸಂತೆ ಹೊಂಡಕ್ಕೆ ಆಗಾಗ ದುಡ್ಡು ಹಾಕ್ತಾರೆ, ಸುತ್ತ ಸೌಂದರ್ಯೀಕರಣ ಅಂತಾರೆ. ಹೊಂಡದ ದಡಕ್ಕೆ ಎಷ್ಟು ಟೈಲ್ಸ್ ಹಾಕಿದರೂ ಮೇಲಿನಿಂದ ನೀರು ಬರೋ ದಾರಿಯಲ್ಲಿ ಮನೆಗಳ ಕೊಳಚೆ ಸೇರುತ್ತಿದ್ದರೆ ಏನು ಪ್ರಯೋಜನ? ಕೆಲಸ ಶುರುವಾಗಬೇಕಾದ್ದು ದಡದಲ್ಲಲ್ಲ, ಓಣಿಯ ಚರಂಡಿಯಲ್ಲಿ. ಮಳೆ ನೀರಿಗೆ ಒಂದು ಕಾಲುವೆ, ಬಚ್ಚಲು ನೀರಿಗೆ ಇನ್ನೊಂದು ಪೈಪು. ಇಷ್ಟು ಬೇರೆ ಮಾಡಿದರೆ ನಾಯಕರ ಕಾಲದ ಇಂಜಿನಿಯರಿಂಗ್ ತಾನಾಗೇ ಕೆಲಸ ಮಾಡುತ್ತೆ.

ಒಂದು ಸಣ್ಣ ಲೆಕ್ಕ ಕೊಡ್ತೀನಿ, ಬೇಕಾದರೆ ಪೇಪರ್ ತಗೊಳ್ಳಿ. ದುರ್ಗದಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. 30x40 ಅಂದರೆ 1200 ಚದರ ಅಡಿ ಮಾಳಿಗೆ, ಸುಮಾರು 111 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ 66 ಸಾವಿರ ಲೀಟರ್ ಮೀರುತ್ತೆ. ಸೋರಿದ್ದು, ಆವಿಯಾದದ್ದು ಕಳೆದು ಐವತ್ತು ಸಾವಿರ ಲೀಟರ್ ಅಂತಿಟ್ಟುಕೊಳ್ಳಿ. ನೂರು ಮನೆ ಇರೋ ಓಣಿಗೆ 50 ಲಕ್ಷ ಲೀಟರ್. ಇದು ಈಗ ಎಲ್ಲಿ ಹೋಗ್ತಿದೆ? ಏರಿಸಿದ ರಸ್ತೆ ಮೇಲೆ ಹರಿದು, ಹಳೇ ಗೋಡೆಗಳ ಬುಡಕ್ಕೆ. ಊರನ್ನು ಉಳಿಸಬೇಕಾದ ನೀರೇ ಊರನ್ನು ಕೆಡವುತ್ತಿದೆ.

ಹಿರಿಯೂರಿಗೆ ಬರೋಣ. ಅಲ್ಲಿ ಕೋಟೆ ಬೆಟ್ಟ ಇಲ್ಲ, ವೇದಾವತಿ ಇದೆ, ತೇರು ಮಲ್ಲೇಶ್ವರ ಇದ್ದಾನೆ. ದೇವರ ಹೆಸರಲ್ಲೇ ತೇರು. ಗುಡಿಯ ಚಾವಣಿಯಲ್ಲಿ ಹಳೇ ವರ್ಣಚಿತ್ರಗಳಿವೆ, ಕತ್ತೆತ್ತಿ ನೋಡೋರು ಕಡಿಮೆ. ನಾನು ಹೇಳೋಕೆ ಹೊರಟಿದ್ದು ತೇರಿನ ಬಗ್ಗೆ. ನಮ್ಮ ಊರುಗಳಲ್ಲಿ ಯಾವ ಬೀದಿ ಬೇಕಾದರೂ ಒತ್ತುವರಿ ಆಗುತ್ತೆ, ತೇರು ಬೀದಿ ಮಾತ್ರ ಆಗಲ್ಲ. ಆದರೂ ಹಬ್ಬ ಹತ್ತಿರ ಬಂದಾಗ ಬಿಟ್ಟುಕೊಡಲೇಬೇಕು. ತೇರಿನ ಚಕ್ರ ತಿರುಗಬೇಕು, ಕಳಸಕ್ಕೆ ತಂತಿ ತಾಗಬಾರದು. ಯಾರ ಶೀಟು ಅಡ್ಡ ಬಂದರೂ ಊರೇ ಸೇರಿ ಬಿಚ್ಚಿಸುತ್ತೆ. ತಹಸೀಲ್ದಾರ್ ನೋಟಿಸ್ ಬೇಡ, ಪೊಲೀಸ್ ಬೇಡ. ಒಂದು ಬೀದಿ ನೂರಾರು ವರ್ಷ ತನ್ನ ಅಗಲ ಉಳಿಸಿಕೊಳ್ಳೋದು ಹೀಗೆ, ಅದಕ್ಕೊಂದು ಬಳಕೆ ಇರೋದರಿಂದ. ಪರಂಪರೆ ಸಂರಕ್ಷಣೆ ಬಗ್ಗೆ ಎಷ್ಟೋ ವರದಿಗಳಲ್ಲಿ ಇರೋ ವಿಷಯ ಇದೇ, ನಮ್ಮ ಜನ ತೇರು ಎಳೆದು ತೋರಿಸ್ತಾರೆ.

ಹಿರಿಯೂರಿನ ಸಂಕಟ ಬೇರೆ ಥರದ್ದು, ಅದರ ಹೆಸರು ಹೆದ್ದಾರಿ. ಬೆಂಗಳೂರು-ಪುಣೆ ದಾರಿ ಒಂದು ಕಾಲಕ್ಕೆ ಇಂಥ ಊರುಗಳ ಒಳಗೇ ಹಾದು ಹೋಗ್ತಿತ್ತು. ಲಾರಿ ನಿಲ್ಲುತ್ತಿತ್ತು, ಟೀ ಅಂಗಡಿ, ಪಂಚರ್ ಅಂಗಡಿ, ಖಾನಾವಳಿ ಬದುಕ್ತಿದ್ದವು. ಬೈಪಾಸ್ ಬಂತು, ಅಪಘಾತ ಕಡಿಮೆಯಾಯ್ತು, ಹೊಗೆ ಕಡಿಮೆಯಾಯ್ತು. ಅದು ಬೇಕಿತ್ತು. ಆದರೆ ಲಾರಿ ಊರು ಬಿಟ್ಟು ಹೋದ ಮೇಲೂ ಊರೊಳಗಿನ ರಸ್ತೆ ಅಗಲ ಮಾಡೋ ಉತ್ಸಾಹ ಮಾತ್ರ ಬಿಟ್ಟು ಹೋಗಲಿಲ್ಲ. ಈ ನಾಲ್ಕೂ ಊರುಗಳಲ್ಲಿ ಹೋಗಿ ಕೇಳಿ, ‘ರಸ್ತೆ ಅಗಲೀಕರಣ’ ಅಂದರೆ ವರ್ತಕರ ಮುಖ ಬಿಳಚಿಕೊಳ್ಳುತ್ತೆ. ನೂರು ವರ್ಷದ ಅಂಗಡಿಯ ಮುಂದಿನ ಹತ್ತು ಅಡಿ ಹೋದರೆ ಉಳಿಯೋದು ಗೋಡೌನು. ಕಂಬ, ಕೆತ್ತಿದ ಬಾಗಿಲು, ಜಗುಲಿ ಎಲ್ಲ ಇರೋದು ಆ ಮುಂದಿನ ಹತ್ತು ಅಡಿಯಲ್ಲೇ. ಪರಿಹಾರದ ಬದಲು ಅಭಿವೃದ್ಧಿ ಹಕ್ಕು ಪತ್ರ ಕೊಡ್ತೀವಿ ಅನ್ನೋ ವ್ಯವಸ್ಥೆ ಕಾನೂನಿನಲ್ಲಿದೆ, ಅದನ್ನೇ ಟಿಡಿಆರ್ ಅನ್ನೋದು. ಬೆಂಗಳೂರಲ್ಲಿ ಅದನ್ನು ಕೊಳ್ಳೋ ಬಿಲ್ಡರ್ ಸಿಗ್ತಾನೆ. ಹೊಸದುರ್ಗದಲ್ಲಿ ಯಾರು ಕೊಳ್ತಾರೆ? ಎರಡು ಮಹಡಿ ಊರಲ್ಲಿ ಹೆಚ್ಚುವರಿ ಮಹಡಿಯ ಹಕ್ಕು ಯಾರಿಗೆ ಬೇಕು?

ಅಗಲ ಮಾಡಿದ ಮೇಲೆ ಆಗೋದೇನು? ಆ ಜಾಗದಲ್ಲಿ ಎರಡು ಸಾಲು ಕಾರು ನಿಲ್ಲುತ್ತೆ. ನಡೆದು ಬರೋ ಗಿರಾಕಿಗೆ ದಾರಿ ಮೊದಲಿನಷ್ಟೇ. ಲಾರಿಗೆ ಸರಕು ಇಳಿಸೋಕೆ ರಾತ್ರಿ ಸಮಯ, ಪೇಟೆ ಹೊರಗೊಂದು ಪಾರ್ಕಿಂಗ್, ಹಳೇ ಬೀದಿಯಲ್ಲಿ ಏಕಮುಖ ಸಂಚಾರ. ಇದನ್ನೆಲ್ಲ ಮಾಡಿ ನೋಡಿ, ಆಮೇಲೂ ಸಾಲದಿದ್ದರೆ ಜೆಸಿಬಿ ತನ್ನಿ. ನಮ್ಮಲ್ಲಿ ಜೆಸಿಬಿ ಮೊದಲು, ಯೋಚನೆ ಆಮೇಲೆ.

ಹಿರಿಯೂರಿಗೆ ಇನ್ನೊಂದು ಅದೃಷ್ಟ ಇದೆ. 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿ ಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ದಿನಗಳಲ್ಲಿ ಜನ ಜಾತ್ರೆ ಥರ ಹೋದರು. ನೋಡಿದರು, ಸೆಲ್ಫಿ ತೆಗೆದರು, ವಾಪಸ್ ಹೋದರು. ಅವರನ್ನು ಎರಡು ಗಂಟೆ ಊರೊಳಗೆ ಉಳಿಸಿಕೊಂಡು, ಗುಡಿಯ ಚಿತ್ರ ತೋರಿಸಿ, ಹಳೇ ಪೇಟೆಯಲ್ಲಿ ಊಟ ಹಾಕಿ ಕಳಿಸೋ ವ್ಯವಸ್ಥೆ ಊರಲ್ಲಿ ಇರಲಿಲ್ಲ. ತುಮಕೂರು-ದಾವಣಗೆರೆ ನೇರ ರೈಲು ಮಾರ್ಗದ ಕೆಲಸ ನಡೀತಿದೆ, ಹಿರಿಯೂರು, ಚಿತ್ರದುರ್ಗ ಎರಡೂ ಅದರಲ್ಲಿವೆ. ರೈಲ್ವೆ ಸ್ಟೇಷನ್‌ನಿಂದ ಪೇಟೆಗೆ ಬಸ್ಸಿನ ವ್ಯವಸ್ಥೆ ಏನು ಅನ್ನೋ ಪ್ರಶ್ನೆ ಈಗಲೇ ಕೇಳಬೇಕು. ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದಲ್ಲೇ ಉದಾಹರಣೆ ಇದೆ: ಹೊಸದುರ್ಗ ರೋಡ್ ಅಂತ ಒಂದು ಸ್ಟೇಷನ್, ಹೆಸರಲ್ಲಿ ಹೊಸದುರ್ಗ, ಊರು ಇನ್ನೂ ಎಷ್ಟೋ ದೂರ.

ಹೊಸದುರ್ಗ ಅಂದರೆ ಹೊಸ ಕೋಟೆ. ಚಿತ್ರದುರ್ಗದ ನಾಯಕರ ಕಾಲದ ಊರು, ಈಗ ತೆಂಗಿನ ಸೀಮೆಯ ವ್ಯಾಪಾರದ ಊರು. ಇಂಥ ಊರಲ್ಲಿ ಬೀಗ ಬಿದ್ದ ದೊಡ್ಡ ಮನೆಗಳ ಕಥೆ ಎಲ್ಲ ಕಡೆ ಒಂದೇ. ಖಾತೆ ಇನ್ನೂ ಮುತ್ತಾತನ ಹೆಸರಲ್ಲಿ. ವಾರಸುದಾರರು ಹದಿನೆಂಟು ಜನ, ಒಬ್ಬ ಬೆಂಗಳೂರು, ಒಬ್ಬ ಶಿವಮೊಗ್ಗ, ಒಬ್ಬಳು ಅಮೆರಿಕ. ವಿಭಾಗ ಪತ್ರ ಆಗಿಲ್ಲ. ವಿಭಾಗ ಆಗದೆ ಖಾತೆ ಬದಲಾಗಲ್ಲ, ಖಾತೆ ಇಲ್ಲದೆ ಬ್ಯಾಂಕು ರಿಪೇರಿ ಸಾಲ ಕೊಡಲ್ಲ, ಸಾಲ ಇಲ್ಲದೆ ಮಾಳಿಗೆ ಸೋರೋದು ನಿಲ್ಲಲ್ಲ. ಒಬ್ಬ ಮಾತ್ರ ಅಲ್ಲೇ ಉಳಿದಿರ್ತಾನೆ, ಅವನು ದುಡ್ಡು ಹಾಕಿದರೆ ನಾಳೆ ಉಳಿದ ಹದಿನೇಳು ಜನ ಪಾಲು ಕೇಳ್ತಾರೆ ಅನ್ನೋ ಭಯ. ಅಣ್ಣತಮ್ಮಂದಿರ ಜಗಳದಲ್ಲಿ ಮನೆ ಅನಾಥ. ಕಂದಾಯ ಅದಾಲತ್ ಥರ ಹಳೇ ಪೇಟೆಗಳಿಗೇ ಅಂತ ಒಂದು ಖಾತೆ ಅದಾಲತ್ ಮಾಡಿ, ವಾರಸುದಾರರನ್ನು ಒಂದು ಕಡೆ ಕೂರಿಸಿ. ಕಲ್ಲು ಮಣ್ಣಿನ ರಿಪೇರಿಗಿಂತ ಮೊದಲು ಕಾಗದದ ರಿಪೇರಿ ಆಗಬೇಕು.

ಅದೇ ತಾಲ್ಲೂಕಲ್ಲಿ ಸಾಣೇಹಳ್ಳಿ ಇದೆ. ಒಂದು ಹಳ್ಳಿ. ಅಲ್ಲಿಗೆ ನಾಟಕ ನೋಡೋಕೆ ರಾಜ್ಯದ ಮೂಲೆ ಮೂಲೆಯಿಂದ ಜನ ಬರ್ತಾರೆ, ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಸಾವಿರಾರು ಮಂದಿ ಕೂರ್ತಾರೆ, ಅಲ್ಲಿಯ ಶಿವಸಂಚಾರ ತಂಡ ಊರೂರು ಸುತ್ತುತ್ತೆ. ಅಲ್ಲಿಗೆ ಜನ ಬರೋದು ಹಳೇ ಕಟ್ಟಡ ನೋಡೋಕಲ್ಲ, ಅಲ್ಲಿ ನಡೆಯೋ ಕೆಲಸ ನೋಡೋಕೆ. ದುರ್ಗದ ಪೇಟೆಯಲ್ಲಿ ಇಂಥ ಒಂದು ಕೆಲಸ ವರ್ಷಪೂರ್ತಿ ನಡೆಯೋದಾದರೆ ಪೇಟೆಗೆ ಬೇರೆ ಜಾಹೀರಾತು ಬೇಡ.

ಹೊಳಲ್ಕೆರೆ ಬಗ್ಗೆ ಎರಡೇ ಮಾತು. ಅಲ್ಲಿಯ ಗಣಪತಿಗೆ ಗುಡಿಯ ಚಾವಣಿ ಇಲ್ಲ, ಬಯಲು ಗಣಪ. ಮಳೆ ಬಿಸಿಲು ಎಲ್ಲ ಅವನ ಮೈ ಮೇಲೇ. ಊರು ಚಿಕ್ಕದು, ಹಳೇ ಭಾಗವನ್ನು ಒಂದು ಬೆಳಿಗ್ಗೆ ನಡೆದು ಮುಗಿಸಬಹುದು. ಅದಕ್ಕೇ ಶುರು ಮಾಡೋದಾದರೆ ಹೊಳಲ್ಕೆರೆಯಿಂದಲೇ ಮಾಡಬೇಕು ಅಂತೀನಿ. ಯಾವ ಮನೆ ಯಾವ ಸ್ಥಿತಿಯಲ್ಲಿದೆ, ಯಾವುದು ಖಾಲಿ, ಹೊಸಿಲಿಗೆ ರಸ್ತೆ ಎಷ್ಟು ಇಂಚು ಮೇಲಿದೆ ಅಂತ ಬರೆದುಕೊಂಡು ಬರೋಕೆ ಪಾಲಿಟೆಕ್ನಿಕ್ ಹುಡುಗರು ಇಪ್ಪತ್ತು ಜನ, ಒಂದು ವಾರ ಸಾಕು.

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. ‘ಸ್ವಾಮಿ, ಎಸಿ ಸ್ಟುಡಿಯೋದಲ್ಲಿ ಕೂತು ಮಣ್ಣಿನ ಮನೆ ಚೆಂದ ಅಂತೀರಲ್ಲ, ನೀವು ಇರ್ತೀರಾ?’ ನ್ಯಾಯವಾದ ಪ್ರಶ್ನೆ. ದಪ್ಪ ಮಣ್ಣಿನ ಗೋಡೆ ಏಪ್ರಿಲ್ ಬಿಸಿಲನ್ನು ಹೊತ್ತು ಮುಳುಗೋವರೆಗೂ ಒಳಗೆ ಬಿಡಲ್ಲ, ಅದನ್ನು ಕೆಡವಿ ಹೊಸದು ಕಟ್ಟೋದಾದರೆ ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಇದೆಲ್ಲ ನಿಜ. ಆದರೆ ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಅಡುಗೆ ಮನೆ ಕತ್ತಲು, ಗಾಳಿ ಇಲ್ಲ, ಶೌಚಾಲಯ ಹಿತ್ತಲಲ್ಲಿ, ಮದುವೆಯಾಗಿ ಬರೋ ಹುಡುಗಿ ಮೂಗು ಮುರೀತಾಳೆ. ಅವರು ಕೆಡವಿ ಕಟ್ಟಬೇಕು ಅಂದರೆ ಅದು ಪರಂಪರೆಯ ಮೇಲಿನ ದ್ವೇಷ ಅಲ್ಲ, ಒಂದು ಬಚ್ಚಲು ಮನೆಯ ಆಸೆ. ಹಾಗಾಗಿ ಸಹಾಯಧನ ಕೊಡೋದಾದರೆ ಮುಂಬಾಗಿಲ ಕೆತ್ತನೆಗೆ ಬಣ್ಣ ಬಳಿಯೋಕೆ ಕೊಡಬೇಡಿ, ಒಳಗೊಂದು ಶೌಚಾಲಯಕ್ಕೆ ಮತ್ತು ಮಾಳಿಗೆಯ ಗವಾಕ್ಷಿಗೆ ಕೊಡಿ. ಬಾಗಿಲನ್ನು ಅವರೇ ಉಳಿಸಿಕೊಳ್ತಾರೆ.

ಜನರನ್ನು ಬಿಟ್ಟು ಪರಂಪರೆ ಉಳಿಸೋಕೆ ಹೊರಟರೆ ಏನಾಗುತ್ತೆ ಅನ್ನೋದನ್ನು ನಾವು ಹಂಪಿಯಲ್ಲಿ ನೋಡಿದ್ದೇವೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ತೆರವು ಮಾಡಿದರು. ಒತ್ತುವರಿ ಹೌದು, ಆದರೆ ಬಜಾರು ಅನ್ನೋದು ಬಜಾರಾಗಿ ಇದ್ದದ್ದು ಅವರಿಂದಲೇ. ಈಗ ಅಲ್ಲಿ ಕಲ್ಲಿನ ಸಾಲು ಇದೆ. ಕೇಂದ್ರ ಸರ್ಕಾರ 2015ರಲ್ಲಿ ಹೃದಯ್ ಅಂತ ಯೋಜನೆ ತಂದಿತು, ಪಾರಂಪರಿಕ ನಗರಗಳಿಗೆ. ದೇಶದಲ್ಲಿ 12 ಊರು, ನಮ್ಮ ರಾಜ್ಯದಿಂದ ಬಾದಾಮಿ ಒಂದೇ. 2019ಕ್ಕೆ ಯೋಜನೆಯೇ ಮುಗೀತು. ದುರ್ಗದ ಸರದಿ ಬರಲೇ ಇಲ್ಲ.

ಇಟಲಿಯಲ್ಲಿ ಬೊಲೊನ್ಯಾ ಅಂತ ಊರಿದೆ. 1973ರಲ್ಲಿ ಅಲ್ಲಿಯ ನಗರಸಭೆ ಒಂದು ಯೋಜನೆ ಮಾಡಿತು. ಬಡವರಿಗೆ ಮನೆ ಕಟ್ಟೋ ಸರ್ಕಾರಿ ದುಡ್ಡನ್ನು ಊರ ಹೊರಗೆ ಹೊಸ ಬಡಾವಣೆಗೆ ಹಾಕೋ ಬದಲು ಊರ ನಡುವಿನ ಹಳೇ ಮನೆಗಳ ರಿಪೇರಿಗೆ ಹಾಕೋಣ, ಅಲ್ಲಿರೋ ಬಡವರು ಅಲ್ಲೇ ಇರಲಿ ಅಂತ. ಕಟ್ಟಡವನ್ನೂ ಅದರೊಳಗಿನ ಜನರನ್ನೂ ಒಟ್ಟಿಗೆ ಉಳಿಸೋ ಆಲೋಚನೆಗೆ ಆ ಊರು ಹೆಸರಾಯಿತು. ನಮ್ಮಲ್ಲೂ ವಸತಿ ಯೋಜನೆಗಳಿವೆ. ಅವುಗಳಲ್ಲಿ ‘ಹಳೇ ಮನೆ ರಿಪೇರಿ’ ಅಂತ ಒಂದು ಸಾಲು ಸೇರಿಸೋಕೆ ಇಟಲಿಗೆ ಹೋಗಬೇಕಾಗಿಲ್ಲ, ವಿಧಾನಸೌಧಕ್ಕೆ ಹೋದರೆ ಸಾಕು.

ಅದು ಆಗೋವರೆಗೆ ಕಾಯಬೇಡಿ. ಈ ನಾಲ್ಕೂ ಊರಿನವರಿಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಓಣಿಗೆ ಮುಂದಿನ ಸಲ ಕಾಂಕ್ರೀಟ್ ಲಾರಿ ಬರೋ ಮುಂಚೆ, ಹೊಸಿಲಿಂದ ರಸ್ತೆಗೆ ಟೇಪ್ ಹಿಡಿದು ಎಷ್ಟು ಇಂಚಿದೆ ಅಂತ ಅಳೆಯಿರಿ. ಫೋಟೋ ತೆಗೆಯಿರಿ. ನಗರಸಭೆ ಇಂಜಿನಿಯರ್ ಹತ್ತಿರ ಹೋಗಿ ಕಾಮಗಾರಿಯ ಅಂದಾಜು ಪಟ್ಟಿ ತೋರಿಸಿ ಅನ್ನಿ. ಅದರಲ್ಲಿ ಹಳೇ ಪದರ ಕಿತ್ತು ತೆಗೆದು, ಮೊದಲಿನ ಮಟ್ಟಕ್ಕೇ ಹೊಸ ರಸ್ತೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಬರೆಸಿ. ಬರೆದೂ ಕೀಳದೆ ಬಿಲ್ ಮಾಡುತ್ತಿದ್ದರೆ ಇನ್ನೂ ಒಳ್ಳೇದು, ಫೋಟೋ ಸಮೇತ ನಮಗೆ ಕಳಿಸಿ. ಪಟ್ಟಿಯನ್ನೇ ತೋರಿಸಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.